‘ಘಟಶ್ರಾದ್ಧ’ ನೋಡಿದವರಿಗೊಂದು ಪ್ರಶ್ನೆ: ಆ ಮೇಷ್ಟ್ರನ್ನು ಸಿನಿಮಾ ಸುಮ್ನೆ ಬಿಟ್ಟುಬಿಟ್ಟಿತಾ?

ಹಳೇ ರೀಲು

ಮೊನ್ನೆ ಗೆಳೆಯರ ಮನೆಯಲ್ಲಿ ನಾಲ್ಕೈದು ಜನ ಕೂತು ‘ಘಟಶ್ರಾದ್ಧ’ವನ್ನು ಮತ್ತೆ ನೋಡಿದೆವು. ಗಿರೀಶ್ ಕಾಸರವಳ್ಳಿ ಅವರ ಮೊದಲ ಸಿನಿಮಾ, 1977ರದ್ದು. ಕಥೆ ಯು.ಆರ್. ಅನಂತಮೂರ್ತಿ ಅವರದು. ಸಿನಿಮಾ ಮುಗಿದ ಮೇಲೆ ಶುರುವಾದ ವಾದ ಊಟಕ್ಕೆ ಎದ್ದರೂ ನಿಲ್ಲಲಿಲ್ಲ. ಅದನ್ನೇ ಇಲ್ಲಿಗೂ ತಂದಿದ್ದೇನೆ.

ನೋಡದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಮಲೆನಾಡಿನ ಒಂದು ಅಗ್ರಹಾರ. ಉಡುಪರು ಅಲ್ಲಿ ವೇದಪಾಠ ಹೇಳಿಕೊಡುತ್ತಾರೆ. ನಾಣಿ ಎಂಬ ಪುಟ್ಟ ಹುಡುಗನನ್ನು ಅವನ ಅಪ್ಪ ತಂದು ಅಲ್ಲಿ ಬಿಡುತ್ತಾನೆ. ದೊಡ್ಡ ಹುಡುಗರು ಅವನನ್ನು ಗೋಳುಹೊಯ್ಯುತ್ತಾರೆ. ಉಡುಪರ ಮಗಳು ಯಮುನಕ್ಕ ವಿಧವೆ, ಇನ್ನೂ ಚಿಕ್ಕ ವಯಸ್ಸು. ನಾಣಿಗೆ ಅಲ್ಲಿ ಅಕ್ಕರೆ ತೋರಿಸುವವಳು ಅವಳೊಬ್ಬಳೇ. ಊರಿನ ಶಾಲೆಯ ಮೇಷ್ಟ್ರ ಜೊತೆ ಅವಳಿಗೆ ಸಂಬಂಧ ಬೆಳೆದು ಬಸಿರಾಗುತ್ತಾಳೆ. ಅಪ್ಪ ಊರಲ್ಲಿಲ್ಲದ ಹೊತ್ತಲ್ಲಿ ಸುದ್ದಿ ಹರಡುತ್ತದೆ. ಅವಳು ಸಾಯಲು ಹೋಗುತ್ತಾಳೆ. ಆಮೇಲೆ ಕದ್ದುಮುಚ್ಚಿ ಬಸಿರು ತೆಗೆಸುತ್ತಾರೆ. ಮೇಷ್ಟ್ರು ಊರು ಬಿಡುತ್ತಾನೆ. ಅಪ್ಪ ವಾಪಸ್ ಬಂದು, ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ, ಜಾತಿಯಿಂದ ಹೊರಗೆ ಹಾಕುತ್ತಾರೆ.

ಈಗ ಪ್ರಶ್ನೆ. ಮೇಷ್ಟ್ರು ಹೋದ ಮೇಲೆ ಸಿನಿಮಾ ಅವನ ಹಿಂದೆ ಹೋಗುವುದೇ ಇಲ್ಲ. ಅವನಿಗೆ ಒಂದು ಬೈಗುಳ ಕೂಡ ತಾಗುವುದಿಲ್ಲ. ನಮ್ಮಲ್ಲೊಬ್ಬರು ‘ಇದು ಸಿನಿಮಾದ ದೊಡ್ಡ ಕೊರತೆ, ಗಂಡಸಿಗೆ ಎರಡು ಏಟು ಬೀಳಬೇಕಿತ್ತು’ ಅಂದರು. ನನಗೆ ಹಾಗೆ ಅನಿಸಲಿಲ್ಲ. ಅವನು ಕೈಗೆ ಸಿಗದೆ ಹೋಗುವುದೇ ನಿಜವಾದ ಕಥೆ ಅಂತ ನನ್ನ ವಾದ. ನೀವೇನಂತೀರಿ?

ನೇರಮಾತು

ಕ್ಷಮಿಸಿ, ನಾನು ಬೇರೆ ದಿಕ್ಕಿನಿಂದ ಬರುತ್ತೇನೆ. ಸಿನಿಮಾ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಇವತ್ತು ಯಾರ ಮನೆಯಲ್ಲಿ ಘಟಶ್ರಾದ್ಧ ನಡೆಯುತ್ತದೆ? ಅಗ್ರಹಾರ ಎಲ್ಲಿ ಉಳಿದಿದೆ? 1970ರಲ್ಲಿ ‘ಸಂಸ್ಕಾರ’, ಆಮೇಲೆ ಇದು. ಒಂದೇ ಸಮುದಾಯವನ್ನು ಮತ್ತೆ ಮತ್ತೆ ಕಟಕಟೆಗೆ ತಂದು ನಿಲ್ಲಿಸಿದ್ದಾರೆ. ಮದುವೆ ಇಲ್ಲದೆ ತಾಯಿಯಾದವಳನ್ನು ಹೊರಗೆ ಹಾಕುವುದು ಎಲ್ಲ ಜಾತಿಯಲ್ಲೂ ಇತ್ತು, ಈಗಲೂ ಇದೆ. ಅದನ್ನು ಯಾಕೆ ಯಾರೂ ತೆಗೆಯುವುದಿಲ್ಲ ಅನ್ನೋದು ನನ್ನ ಬೇಸರ.

ತುಂಗಾತೀರ

ನೇರಮಾತು ಅವರೇ, ನಾನು ತೀರ್ಥಹಳ್ಳಿ ಕಡೆಯವಳು. ವಯಸ್ಸು ಎಪ್ಪತ್ತು ದಾಟಿದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಅನಂತಮೂರ್ತಿ ಹುಟ್ಟಿದ್ದು ಮೇಳಿಗೆಯಲ್ಲಿ. ಕಾಸರವಳ್ಳಿ ಅವರದು ಕೆಸಲೂರು. ಎರಡೂ ನಮ್ಮ ತಾಲ್ಲೂಕೇ. ಬೇರೆಯವರ ಮನೆಗೆ ನುಗ್ಗಿ ಕೊಳಕು ಹುಡುಕಿದವರಲ್ಲ ಇವರು. ತಮ್ಮ ಮನೆಯ ಹಿತ್ತಿಲನ್ನು ತಾವೇ ತೋರಿಸಿದರು. ಅದಕ್ಕೆ ಧೈರ್ಯ ಬೇಕು. ಬೇರೆ ಸಮುದಾಯದ ಕಥೆಯನ್ನು ಆ ಸಮುದಾಯದೊಳಗಿನಿಂದ ಬಂದವರು ಹೇಳಲಿ, ನಾನೇ ಮೊದಲು ಹೋಗಿ ನೋಡುತ್ತೇನೆ.

ನಮ್ಮ ಮನೆಯಲ್ಲಿ ಅಜ್ಜನ ತಂಗಿಯೊಬ್ಬರಿದ್ದರು. ನಾವೆಲ್ಲ ಅಜ್ಜಿ ಅಂತಲೇ ಕರೆಯುತ್ತಿದ್ದೆವು. ಗಂಡನ ಮುಖ ನೆನಪಿಲ್ಲದ ವಯಸ್ಸಿಗೆ ವಿಧವೆಯಾದವರು. ಕೆಂಪು ಸೀರೆ, ಸೆರಗು ಯಾವಾಗಲೂ ತಲೆ ಮೇಲೆ. ಕೂದಲು ಒಂದಿಷ್ಟು ಬೆಳೆಯಿತು ಅನ್ನುವಷ್ಟರಲ್ಲಿ ಕ್ಷೌರದವನು ಹಿತ್ತಿಲ ಬಾಗಿಲಿಗೆ ಬರುತ್ತಿದ್ದ. ನಮ್ಮನ್ನು ಆಗ ಒಳಗೆ ಕಳಿಸುತ್ತಿದ್ದರು. ಒಪ್ಪೊತ್ತು ಊಟ. ಮನೆಯಲ್ಲಿ ಮದುವೆ ಬಂದರೆ ತಿಂಗಳ ಮುಂಚೆಯೇ ಹಪ್ಪಳ ಲಟ್ಟಿಸಿ, ಸಂಡಿಗೆ ಇಟ್ಟು, ಡಬ್ಬ ತುಂಬಿಸುವವರು ಅವರೇ. ಮದುವೆ ದಿನ ಮಾತ್ರ ಕೋಣೆಯಿಂದ ಆಚೆ ಬರುತ್ತಿರಲಿಲ್ಲ. ‘ಬನ್ನಿ’ ಅಂತ ಕರೆದವರೂ ಇಲ್ಲ, ‘ಬರಬೇಡಿ’ ಅಂತ ಹೇಳಿದವರೂ ಇಲ್ಲ. ಎಲ್ಲರಿಗೂ ಗೊತ್ತಿತ್ತು ಅಷ್ಟೆ.

ಇಷ್ಟನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಅಜ್ಜಿ ಯಾವ ‘ತಪ್ಪೂ’ ಮಾಡಿದವರಲ್ಲ. ಆದರೂ ಅರ್ಧ ಹೊರಗೇ ಇದ್ದರು. ಯಮುನೆ ಬಸಿರಾದಾಗ ಊರು ಅವಳನ್ನು ಹೊಸದಾಗಿ ಹೊರಗೆ ಹಾಕಲಿಲ್ಲ. ಆ ಕೆಲಸ ಅರ್ಧ ಮೊದಲೇ ಮುಗಿದಿತ್ತು, ಮಿಕ್ಕಿದ್ದನ್ನು ಮುಗಿಸಿದರು.

ಕಪ್ಪುಬಿಳುಪು

ತುಂಗಾತೀರ ಅಮ್ಮ, ನೀವು ಬರೆದದ್ದನ್ನು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಇನ್ನೂ ಬರೆಯಿರಿ.

ನಾನು ಸಿನಿಮಾ ಕಟ್ಟಿದ ಬಗೆಯ ಬಗ್ಗೆ ಒಂದೆರಡು ಮಾತು ಹೇಳುತ್ತೇನೆ. ಮೇಷ್ಟ್ರು ಕಾಣದೆ ಹೋಗುವುದಕ್ಕೆ ಕಾರಣ ನಾಣಿ. ಸಿನಿಮಾ ಸುಮಾರಾಗಿ ಆ ಹುಡುಗನ ಕಣ್ಣಿನಲ್ಲೇ ನಡೆಯುತ್ತದೆ. ಅವನಿಗೆ ಅರ್ಥವಾದಷ್ಟೇ ನಮಗೂ ಸಿಗುವುದು. ದೊಡ್ಡವರು ಪಿಸುಗುಟ್ಟುತ್ತಾರೆ, ಬಾಗಿಲು ಮುಚ್ಚುತ್ತಾರೆ, ಇವನು ಕಂಬದ ಹಿಂದೆ. ಯಮುನಕ್ಕನಿಗೆ ಏನೋ ಆಗಿದೆ ಅನ್ನುವುದು ಅವನಿಗೆ ಗೊತ್ತು, ಏನು ಅನ್ನುವುದು ಗೊತ್ತಿಲ್ಲ. ಅಂಥ ಹುಡುಗ ಮೇಷ್ಟ್ರನ್ನು ಹುಡುಕಿಕೊಂಡು ಹೋಗುತ್ತಾನಾ? ಅವನಿಗೆ ಬೇಕಿರುವುದು ಅಕ್ಕ ಮಾತ್ರ.

ಕಾಡಿನಲ್ಲಿ ಯಮುನೆ ಹುತ್ತದೊಳಗೆ ಕೈ ಹಾಕುವ ದೃಶ್ಯ ನೆನಪಿದೆಯಾ? ಹಾವು ಕಚ್ಚಲಿ ಅಂತ. ಬೇರೆ ಯಾವ ಸಿನಿಮಾ ಆಗಿದ್ದರೂ ಅಲ್ಲೊಂದು ಹಾಡೋ, ಉದ್ದದ ಅಳುವೋ ಇರುತ್ತಿತ್ತು. ಇಲ್ಲಿ ಒಂದು ಹುತ್ತ, ಒಂದು ಕೈ, ಪಕ್ಕದಲ್ಲೊಂದು ಮಗು. ಎಸ್. ರಾಮಚಂದ್ರ ಅವರ ಕ್ಯಾಮೆರಾ ಅವಳನ್ನು ಎಲ್ಲೂ ಕನಿಕರದ ಗೊಂಬೆ ಮಾಡುವುದಿಲ್ಲ. ಬಸಿರು ತೆಗೆಸುವ ರಾತ್ರಿಯನ್ನು ಬಿ.ವಿ. ಕಾರಂತರು ಚರ್ಮವಾದ್ಯದ ಸದ್ದಿನಲ್ಲಿ ಹಿಡಿದಿದ್ದಾರೆ. ಅವಳ ನೋವನ್ನು ತೋರಿಸುವುದಕ್ಕಿಂತ ಆ ಬಡಿತ ಕೇಳಿಸುವುದೇ ಜಾಸ್ತಿ ಕಷ್ಟ ಕೊಡುತ್ತದೆ. ಆ ವರ್ಷದ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರ ಇದೇ. ಸಂಗೀತಕ್ಕೆ ಕಾರಂತರಿಗೂ, ಬಾಲನಟನಾಗಿ ನಾಣಿ ಮಾಡಿದ ಅಜಿತ್ ಕುಮಾರನಿಗೂ ಪ್ರಶಸ್ತಿ ಬಂತು.

ಯಮುನೆಯಾಗಿ ನಟಿಸಿದ ಮೀನಾ ಕುಟ್ಟಪ್ಪ ಅವರ ಬಗ್ಗೆ ಯಾರೂ ಸಾಕಷ್ಟು ಬರೆದಿಲ್ಲ ಅನ್ನುವುದು ನನ್ನ ಹಳೇ ಕೊರಗು. ಎಷ್ಟು ಕಡಿಮೆ ಮಾತು, ಎಷ್ಟು ತುಂಬಿದ ಮುಖ!

ಕಾಸರಗೋಡು ಕನ್ನಡಿಗ

ಮೇಷ್ಟ್ರ ಪ್ರಶ್ನೆಗೆ ನಮ್ಮ ಕಡೆಯಿಂದ ಒಂದು ನಿಜ ಘಟನೆ ಹೇಳಲೇಬೇಕು. ಹಳೇ ಕೊಚ್ಚಿ ರಾಜ್ಯದಲ್ಲಿ 1905ರಲ್ಲಿ ನಡೆದದ್ದು. ಕುರಿಯೇಡತ್ತ್ ತಾತ್ರಿ ಎಂಬ ನಂಬೂದಿರಿ (ಕೇರಳದ ಬ್ರಾಹ್ಮಣ) ಹೆಂಗಸಿನ ಮೇಲೆ ಸ್ಮಾರ್ತವಿಚಾರ ಕೂತಿತು. ಅಂತರ್ಜನಂ ಅಂದರೆ ನಂಬೂದಿರಿ ಹೆಂಗಸರು ಪರಗಂಡಸಿನ ಸಂಗ ಮಾಡಿದರು ಅಂತ ಅನುಮಾನ ಬಂದರೆ ನಡೆಸುವ ವಿಚಾರಣೆ ಅದು. ಅವಳನ್ನು ಬೇರೆ ಕೋಣೆಯಲ್ಲಿ ಇಟ್ಟು, ತಿಂಗಳುಗಟ್ಟಲೆ ಪ್ರಶ್ನೆ ಮಾಡುತ್ತಿದ್ದರು. ತಪ್ಪು ಅಂತ ಆದರೆ ಜಾತಿಯಿಂದ ಹೊರಗೆ. ಮನೆಯವರು ಅವಳನ್ನು ಸತ್ತವಳೆಂದು ಲೆಕ್ಕ ಹಾಕಿ ಪಿಂಡ ಇಡುತ್ತಿದ್ದರು. ಘಟಶ್ರಾದ್ಧದ ಒಡಹುಟ್ಟು ಅನ್ನಬಹುದು.

ಅಲ್ಲಿಯವರೆಗೆ ಅಂಥ ವಿಚಾರಣೆಗಳಲ್ಲಿ ಹೆಂಗಸರು ಕೊನೆಗೆ ಮುರಿದುಬೀಳುತ್ತಿದ್ದರು. ತಾತ್ರಿ ಮಾತ್ರ ಒಬ್ಬೊಬ್ಬರಾಗಿ ಗಂಡಸರ ಹೆಸರು ಹೇಳುತ್ತಾ ಹೋದಳು. ಬರೀ ಹೆಸರಲ್ಲ, ಗುರುತು, ಸಾಕ್ಷಿ ಎಲ್ಲ ಕೊಟ್ಟಳು. 60ಕ್ಕೂ ಜಾಸ್ತಿ ಗಂಡಸರು. ನಂಬೂದಿರಿಗಳು, ನಾಯರ್‌ಗಳು, ಕಥಕ್ಕಳಿ ಕಲಾವಿದರು. ಅವರನ್ನೂ ಕರೆಸಿ ವಿಚಾರಿಸಿ, ಅವರಿಗೂ ಬಹಿಷ್ಕಾರ ಹಾಕಬೇಕಾಯಿತು. ಊರಿಗೆ ಊರೇ ನಡುಗಿತ್ತು.

ಹಾಗಾಗಿ ಹಳೇ ರೀಲು ಅವರ ಗೆಳೆಯರು ಬಯಸಿದ ‘ಎರಡು ಏಟು’ ಇತಿಹಾಸದಲ್ಲಿ ಒಂದು ಸಲ ನಿಜವಾಗಿಯೂ ಬಿದ್ದಿದೆ. ಅದು ಬಿದ್ದದ್ದು ಕಥೆ ಬರೆದವರಿಂದಲ್ಲ, ಆ ಹೆಂಗಸಿನ ಬಾಯಿಂದ.

ಇದೇ ಸ್ಮಾರ್ತವಿಚಾರವನ್ನು ಇಟ್ಟುಕೊಂಡು 1994ರಲ್ಲಿ ಮಲಯಾಳಂನಲ್ಲಿ ‘ಪರಿಣಯಂ’ ಬಂತು. ನಿರ್ದೇಶನ ಹರಿಹರನ್, ಚಿತ್ರಕಥೆ ಎಂ.ಟಿ. ವಾಸುದೇವನ್ ನಾಯರ್. ಅಲ್ಲೂ ಬಸಿರಾದ ಚಿಕ್ಕ ವಯಸ್ಸಿನ ವಿಧವೆಯೇ ಕೇಂದ್ರ. ಎರಡನ್ನೂ ಜೊತೆಯಲ್ಲಿಟ್ಟು ನೋಡಿ ಅಂತ ಕೇಳಿಕೊಳ್ಳುತ್ತೇನೆ.

ಹಳೇ ರೀಲು

ಕಾಸರಗೋಡು ಸರ್, ಬಹಳ ಥ್ಯಾಂಕ್ಸ್. ಇದು ನನ್ನ ವಾದವನ್ನು ಅಲ್ಲಾಡಿಸುತ್ತದೆ ಮತ್ತು ಗಟ್ಟಿಯೂ ಮಾಡುತ್ತದೆ. ಯಮುನೆಯನ್ನು ಯಾರೂ ‘ಯಾರು ಅವನು’ ಅಂತ ಕೂರಿಸಿ ಕೇಳುವುದಿಲ್ಲ. ಊರಿಗೆ ಉತ್ತರ ಬೇಕಾಗಿಯೇ ಇಲ್ಲ. ಬಸಿರು ಕಂಡಿತು, ಸಾಕು. ಗಂಡಸಿನ ಮೈ ಮೇಲೆ ಏನೂ ಕಾಣುವುದಿಲ್ಲವಲ್ಲ.

ಶಾಸ್ತ್ರ ಓದಿದವ

ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು, ಅದೇ ವೃತ್ತಿಯಲ್ಲಿರುವ ಮನೆತನ. ‘ಶಾಸ್ತ್ರದಲ್ಲಿ ಹೀಗೇ ಇದೆ’ ಅಂತ ಸುಮ್ನೆ ಹೇಳುವವರು ತುಂಬ ಜನ. ಶಾಸ್ತ್ರದಲ್ಲಿ ಏನಿದೆ ಅಂತ ತೆರೆದು ನೋಡೋಣ.

ಮನುಸ್ಮೃತಿಯ 11ನೇ ಅಧ್ಯಾಯ ಪ್ರಾಯಶ್ಚಿತ್ತದ್ದು. ಅಲ್ಲಿ ಪತಿತನಾದವನಿಗೆ ಬದುಕಿರುವಾಗಲೇ ನೀರು ಬಿಡುವ ವಿಧಿ ಇದೆ. ಊರ ಹೊರಗೆ, ಸಂಜೆ ಹೊತ್ತು, ಒಳ್ಳೆಯದಲ್ಲದ ದಿನ ನೋಡಿ, ನೆಂಟರು, ಪುರೋಹಿತರು, ಗುರುಗಳು ಎಲ್ಲರ ಎದುರಿಗೆ. ನೀರು ತುಂಬಿದ ಮಡಕೆಯನ್ನು ದಾಸಿಯೊಬ್ಬಳು ಕಾಲಿನಿಂದ ಉರುಳಿಸಬೇಕು. ನೆಂಟರಿಗೆ ಒಂದು ಹಗಲು ಒಂದು ರಾತ್ರಿ ಸೂತಕ. ಆಮೇಲೆ ಅವನ ಜೊತೆ ಮಾತಿಲ್ಲ, ಒಟ್ಟಿಗೆ ಕೂರುವಂತಿಲ್ಲ, ಆಸ್ತಿಯಲ್ಲಿ ಪಾಲಿಲ್ಲ.

ಆದರೆ ಅಲ್ಲೇ ಮುಂದೆ ಓದಬೇಕು. ಪ್ರಾಯಶ್ಚಿತ್ತ ಮಾಡಿಕೊಂಡರೆ ಅದೇ ನೆಂಟರು ಅವನ ಜೊತೆ ಪುಣ್ಯತೀರ್ಥದಲ್ಲಿ ಮಿಂದು, ಹೊಸ ಮಡಕೆಯ ನೀರು ಚೆಲ್ಲಿ, ಒಳಗೆ ಕರೆದುಕೊಳ್ಳಬೇಕು. ಅಂದರೆ ವಾಪಸ್ ಬರುವ ದಾರಿ ಇದೆ. ಹೆಂಗಸರ ವಿಷಯಕ್ಕೆ ಬಂದಾಗ ಇದೇ ವಿಧಿ ಮಾಡಿ ಅನ್ನುತ್ತದೆ. ಆದರೆ ಅವಳಿಗೆ ಬಟ್ಟೆ, ಅನ್ನ, ನೀರು ಕೊಡಬೇಕು, ಅವಳು ಮನೆಯ ಹತ್ತಿರವೇ ವಾಸ ಮಾಡಬೇಕು ಅಂತ ಅದೇ ಶ್ಲೋಕದಲ್ಲಿದೆ.

ನಾನು ಇದನ್ನು ಶಾಸ್ತ್ರದ ಪರ ವಕಾಲತ್ತು ಮಾಡಲು ಹೇಳುತ್ತಿಲ್ಲ. ಬದುಕಿರುವ ಮಗಳಿಗೆ ತರ್ಪಣ ಬಿಡಿಸುವ ಪುಸ್ತಕ ಅದು. ಆದರೆ ಯಮುನೆಯ ಊರಿನವರು ಆ ಪುಸ್ತಕ ಕೊಟ್ಟ ಒಂದು ತುತ್ತು ಅನ್ನವನ್ನೂ ಅವಳಿಗೆ ಕೊಡಲಿಲ್ಲ. ಕಠಿಣವಾದದ್ದನ್ನು ಮಾತ್ರ ಹೆಕ್ಕಿಕೊಂಡರು. ಸಿನಿಮಾ ನೋಡಿದಾಗಲೆಲ್ಲ ನನಗೆ ಅದೇ ಚುಚ್ಚುತ್ತದೆ. ಉಡುಪರಂಥ ಓದಿದವರಿಗೆ ಈ ಶ್ಲೋಕ ಗೊತ್ತಿರುವುದಿಲ್ಲವೇ?

ತುಂಗಾತೀರ

ಗೊತ್ತಿರುತ್ತದೆ ಮಗಾ. ಹೇಳಿದರೆ ತಮಗೂ ಬಹಿಷ್ಕಾರ ಬರುತ್ತದೆ ಅನ್ನುವ ಹೆದರಿಕೆ. ಉಡುಪರ ಪಾಠಶಾಲೆ ನಡೆಯುತ್ತಿದ್ದದ್ದೇ ನಾಲ್ಕು ಜನರ ದಾನದಿಂದ. ಮಗಳನ್ನು ಇಟ್ಟುಕೊಂಡರೆ ಒಲೆ ಆರುತ್ತದೆ.

ನೇರಮಾತು

ಶಾಸ್ತ್ರ ಓದಿದವ ಅವರ ಮಾತು ಇಷ್ಟವಾಯಿತು. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಇದೆಲ್ಲ ಸ್ವಾತಂತ್ರ್ಯಕ್ಕೆ ಮುಂಚಿನ ಕಥೆ. ಈಗ ಕಾನೂನು ಬದಲಾಗಿದೆ. ಇವತ್ತಿನ ಹುಡುಗಿಗೆ ಈ ಸಿನಿಮಾದಿಂದ ಏನು ಸಿಗುತ್ತದೆ?

ವಕೀಲಿ ಧಾರವಾಡ

ನೇರಮಾತು ಸರ್, ಕಾನೂನಿನ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಹಳೆಯದು. ಬ್ರಿಟಿಷ್ ಇಂಡಿಯಾದಲ್ಲಿ ಹಿಂದೂ ವಿಧವೆ ಮರುಮದುವೆ ಆಗಬಹುದು ಅಂತ ಕಾಯ್ದೆ ಬಂದದ್ದು 1856ರಲ್ಲಿ. ನಮ್ಮ ಮೈಸೂರು ಸಂಸ್ಥಾನ 1894ರಲ್ಲೇ ಬಾಲ್ಯವಿವಾಹ ತಡೆಯಲು ನಿಯಮ ತಂದಿತು. 8 ವರ್ಷ ತುಂಬದ ಹುಡುಗಿಗೆ ಮದುವೆ ಮಾಡುವಂತಿಲ್ಲ. 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಮದುವೆ ಆಗುವಂತಿಲ್ಲ. ಆಗಿನ ಮಟ್ಟಿಗೆ ಅದು ದೊಡ್ಡ ಹೆಜ್ಜೆ. ಆದರೂ ತುಂಗಾತೀರ ಅಮ್ಮನ ಅಜ್ಜಿಯಂಥವರು ಮನೆ ಮನೆಯಲ್ಲೂ ಇದ್ದರು. ಕಾಯ್ದೆ ಬಂದ ದಿನ ಹಿತ್ತಿಲ ಬಾಗಿಲು ತೆರೆಯುವುದಿಲ್ಲ.

ಈಗ ಹೊಸದು. ಮೇಷ್ಟ್ರು ಇವತ್ತು ಓಡಿಹೋದರೆ ಏನಾಗುತ್ತದೆ? ಮಗು ಹುಟ್ಟಿದರೆ, ಮದುವೆ ಆಗಿರಲಿ ಬಿಡಲಿ, ತಂದೆ ಅದಕ್ಕೆ ಜೀವನಾಂಶ ಕೊಡಬೇಕು. ಹಳೇ ಸಿಆರ್‌ಪಿಸಿಯ (ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ) 125ನೇ ಸೆಕ್ಷನ್ ಅದನ್ನೇ ಹೇಳುತ್ತಿತ್ತು. ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 144ನೇ ಸೆಕ್ಷನ್. ಅವನು ‘ನನ್ನದಲ್ಲ’ ಅಂದರೆ ಡಿಎನ್‌ಎ ಪರೀಕ್ಷೆ ಕೇಳಬಹುದು. ಬಸಿರು ತೆಗೆಸುವುದಕ್ಕೆ 1971ರ ಎಂಟಿಪಿ, ಅಂದರೆ ವೈದ್ಯಕೀಯ ಗರ್ಭಪಾತ ಕಾಯ್ದೆ ಇದೆ, 2021ರಲ್ಲಿ ತಿದ್ದುಪಡಿ ಆಯಿತು. 20ರಿಂದ 24 ವಾರದ ಬಸಿರನ್ನು ತೆಗೆಸುವ ಅವಕಾಶದಿಂದ ಮದುವೆ ಆಗದ ಹೆಂಗಸರನ್ನು ಹೊರಗಿಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿತು.

ಮುಖ್ಯ ವಿಷಯ ಈಗ ಬರುತ್ತದೆ. 2015ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಮದುವೆಯಾಗದ ತಾಯಿಯೊಬ್ಬರು ತಮ್ಮ ಮಗುವಿಗೆ ತಾವೇ ಗಾರ್ಡಿಯನ್ ಆಗಬೇಕು ಅಂತ ಅರ್ಜಿ ಹಾಕಿದ್ದರು. ಕೆಳಗಿನ ಕೋರ್ಟುಗಳು ‘ತಂದೆ ಹೆಸರು ಹೇಳಿ, ಅವನಿಗೆ ನೋಟಿಸ್ ಹೋಗಬೇಕು’ ಅಂದವು. ಆಕೆ ಹೇಳಲಿಲ್ಲ. ಸುಪ್ರೀಂ ಕೋರ್ಟ್ ಆಕೆಯ ಪರ ನಿಂತಿತು. ತಂದೆಯ ಹೆಸರು ಹೇಳಲೇಬೇಕು ಅಂತ ತಾಯಿಯನ್ನು ಒತ್ತಾಯ ಮಾಡುವಂತಿಲ್ಲ. ಜನನ ಪ್ರಮಾಣಪತ್ರಕ್ಕೂ ಆಕೆಯ ಅಫಿಡವಿಟ್ ಸಾಕು. ಮುಂದಿನ ವರ್ಷ ಪಾಸ್‌ಪೋರ್ಟ್ ನಿಯಮದಲ್ಲೂ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಹೆಸರು ಸಾಕು ಅಂತ ಆಯಿತು.

ಈಗ ಹಳೇ ರೀಲು ಅವರ ಪ್ರಶ್ನೆಗೆ ಬನ್ನಿ. ಯಮುನೆಯ ಕಾಲದಲ್ಲಿ ಗಂಡಸಿನ ಹೆಸರು ಬರದೆ ಇರುವುದು ಗಂಡಸಿಗೆ ಸಿಕ್ಕ ರಕ್ಷಣೆ. ತಾತ್ರಿಗೆ ಹೆಸರು ಹೇಳುವುದೇ ಆಯುಧ. 2015ರ ತಾಯಿಗೆ ಹೆಸರು ಹೇಳದೆ ಇರುವುದು ಹಕ್ಕು. ಹಾಗಾಗಿ ಹೆಸರು ಬಂತೋ ಇಲ್ಲವೋ ಅನ್ನುವುದಕ್ಕಿಂತ, ಅದನ್ನು ತೀರ್ಮಾನ ಮಾಡಿದವರು ಯಾರು ಅಂತ ಕೇಳಬೇಕು. ಯಮುನೆಗೆ ಯಾವ ತೀರ್ಮಾನವೂ ಅವಳ ಕೈಯಲ್ಲಿರಲಿಲ್ಲ. ಸಿನಿಮಾ ಆ ಮೇಷ್ಟ್ರನ್ನು ಎಳೆದು ತಂದು ಹೊಡೆಸಿದ್ದರೆ ನಮಗೆ ಸಮಾಧಾನ ಆಗುತ್ತಿತ್ತು. ಅವಳಿಗೆ ಏನು ಸಿಗುತ್ತಿತ್ತು?

ಕಪ್ಪುಬಿಳುಪು

ಈ ಚರ್ಚೆಯಲ್ಲಿ ಇದಕ್ಕಿಂತ ಒಳ್ಳೆಯ ಮಾತು ಬಂದಿಲ್ಲ.

ಗಂಗಾವತಿ ಮಾಸ್ತರ್

ವಕೀಲರೇ, ನೀವು ಹೇಳಿದ ತೀರ್ಪು ಶಾಲೆಯ ಮೇಜಿನವರೆಗೆ ಬಂದಿಲ್ಲ. ನಾನು ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡುವವನು. ದಾಖಲಾತಿ ಸಮಯದಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ.

ನಮ್ಮ ಭಾಗದಲ್ಲಿ ದೇವದಾಸಿ ಪದ್ಧತಿಯ ಗಾಯ ಇನ್ನೂ ಇದೆ. 1982ರಲ್ಲೇ ಕರ್ನಾಟಕ ಅದನ್ನು ಕಾನೂನಿನಿಂದ ನಿಷೇಧಿಸಿತು. ಆದರೆ ಆ ತಾಯಂದಿರ ಮಕ್ಕಳು, ಮೊಮ್ಮಕ್ಕಳು ಇದ್ದಾರಲ್ಲ. ನಾನು ಮೊದಲು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ದಾಖಲಾತಿ ಬರೆದುಕೊಳ್ಳುವವರು ‘ತಂದೆ ಹೆಸರು’ ಅಂದರು. ಆಕೆ ಸುಮ್ಮನಿದ್ದರು. ಇನ್ನೊಂದು ಸಲ ಗಟ್ಟಿಯಾಗಿ ಕೇಳಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಹುಡುಗಿ ಅಮ್ಮನ ಸೆರಗು ಬಿಟ್ಟು ಎರಡು ಹೆಜ್ಜೆ ದೂರ ಹೋಗಿ ನಿಂತಳು. ಆರು ವರ್ಷದ ಮಗುವಿಗೆ ಆ ಎರಡು ಹೆಜ್ಜೆ ಯಾರು ಕಲಿಸಿದರು?

ಕೊನೆಗೆ ತಾಯಿಯ ಅಣ್ಣನ ಹೆಸರು ಬರೆಸಿದರು. ಅದರಿಂದ ಮುಂದೆ ಜಾತಿ ಪ್ರಮಾಣಪತ್ರಕ್ಕೆ, ವಿದ್ಯಾರ್ಥಿವೇತನಕ್ಕೆ ಎಷ್ಟು ತೊಂದರೆಯಾಯಿತು ಅಂತ ಬರೆಯಲು ಹೋದರೆ ಇಲ್ಲಿ ಜಾಗ ಸಾಲದು. ಆಮೇಲಿಂದ ದಾಖಲಾತಿ ನಾನೇ ಕೂತು ಬರೆದುಕೊಳ್ಳುತ್ತೇನೆ. ಮೊದಲು ತಾಯಿಯ ಹೆಸರು ಕೇಳುತ್ತೇನೆ. ಬೇರೆಯವರನ್ನು ಹೊರಗೆ ಕೂರಿಸುತ್ತೇನೆ.

ನೇರಮಾತು ಸರ್, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಬೇರೆ ಜಾತಿಗಳ ಕಥೆಯೂ ಬರಬೇಕು. ನಮ್ಮ ದಲಿತ ಕೇರಿಯ ತಾಯಂದಿರ ಕಥೆ ಬರಬೇಕು. ಆದರೆ ‘ಘಟಶ್ರಾದ್ಧ’ ಅಗ್ರಹಾರದ್ದಾದರೂ ಆ ಹುಡುಗಿಯ ಎರಡು ಹೆಜ್ಜೆ ನನಗೆ ಅದರಲ್ಲಿ ಕಂಡಿತು. ನಾಣಿಯನ್ನು ಅಪ್ಪ ಕರೆದುಕೊಂಡು ಹೋಗುವಾಗ, ತಲೆ ಬೋಳಿಸಿದ ಯಮುನಕ್ಕ ಮರದ ಕೆಳಗೆ ಕೂತಿರುತ್ತಾಳಲ್ಲ. ಅವನಿಗೆ ನಿಲ್ಲಬೇಕು. ನಿಲ್ಲಲು ಬಿಡುವುದಿಲ್ಲ. ಮಕ್ಕಳಿಗೆ ದೂರ ಸರಿಯುವುದನ್ನು ಹೀಗೇ ಕಲಿಸುವುದು.

ನೇರಮಾತು

ಮಾಸ್ತರ್, ಎರಡು ಸಲ ಓದಿದೆ. ‘ಇವತ್ತಿಗೆ ಏನು’ ಅಂದದ್ದಕ್ಕೆ ನೀವು ಕೊಟ್ಟದ್ದು ಉತ್ತರವೇ. ಆದರೆ ದಲಿತ ಕೇರಿಯ ಕಥೆ ಬರಬೇಕು ಅನ್ನುವಲ್ಲಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ಇದೇ ಸಿನಿಮಾದಲ್ಲೇ ನೋಡಿ. ಅಗ್ರಹಾರದವರು ಮಾಡಲಾಗದ ಕೆಲಸಕ್ಕೆ ರಾತ್ರಿ ಹೊತ್ತು ಕೇರಿಯವರೇ ಬೇಕು. ಬೆಳಗಾದರೆ ಅವರ ನೆರಳು ಬೇಡ. ಅವರ ಕಣ್ಣಿನಿಂದ ಯಮುನೆ ಹೇಗೆ ಕಂಡಳು ಅಂತ ಯಾರಾದರೂ ಬರೆಯಲಿ.

ಮುಂಬೈ ಮಾವಿನಕಾಯಿ

ಹಿಂದಿಯಲ್ಲಿ ಅರುಣ್ ಕೌಲ್ 1991ರಲ್ಲಿ ಇದೇ ಕಥೆಯನ್ನು ‘ದೀಕ್ಷಾ’ ಅಂತ ಮಾಡಿದರು. ಅಲ್ಲಿ ನಾನಾ ಪಾಟೇಕರ್ ಕೋಗ ಎಂಬ ಅಸ್ಪೃಶ್ಯನ ಪಾತ್ರ ಮಾಡಿದ್ದಾರೆ. ಆ ಪಾತ್ರಕ್ಕೆ ಅದರಲ್ಲಿ ಜಾಗ ಜಾಸ್ತಿ. ನೇರಮಾತು ಅವರು ಕೇಳಿದ್ದು ಪೂರ್ತಿ ಸಿಗುವುದಿಲ್ಲ, ಆದರೆ ಒಮ್ಮೆ ನೋಡಿ.

ರಾತ್ರಿ ಪಾಳಿ

ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್. ಇಷ್ಟು ದಿನ ಇಲ್ಲಿ ಓದುತ್ತಿದ್ದೆ ಅಷ್ಟೆ. ಇವತ್ತು ಬರೆಯಬೇಕು ಅನಿಸಿತು.

ಮದುವೆಯಾಗದ ಹುಡುಗಿ ಬಂದರೆ ನಮಗೆ ಮೊದಲೇ ಗೊತ್ತಾಗುತ್ತದೆ. ಬೇರೆ ಹೆಸರು ಹೇಳುತ್ತಾಳೆ, ಕರೆದಾಗ ತಿರುಗುವುದಿಲ್ಲ. ಕರಿಮಣಿ ಹೊಸದಾಗಿರುತ್ತದೆ. ಜೊತೆಗೆ ಬಂದವರು ಗೋಡೆ ಕಡೆ ಮುಖ ಮಾಡಿ ನಿಂತಿರುತ್ತಾರೆ. ಹೆಚ್ಚಿನವರು ತುಂಬ ತಡವಾಗಿ ಬರುತ್ತಾರೆ. ಹೆದರಿಕೆಯಿಂದ ಮೊದಲು ಯಾರೋ ಕೊಟ್ಟ ಮಾತ್ರೆ, ಯಾರೋ ಹೇಳಿದ ಕಷಾಯ ಎಲ್ಲ ಆಗಿರುತ್ತದೆ.

ಮೂರು ವಿಷಯ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ. 18 ತುಂಬಿದ ಹೆಣ್ಣಿನ ಬಸಿರು ತೆಗೆಯಲು ಅವಳ ಒಪ್ಪಿಗೆ ಮಾತ್ರ ಬೇಕು. ಗಂಡನ ಸಹಿ, ಅಪ್ಪನ ಸಹಿ ಕಾನೂನು ಕೇಳುವುದಿಲ್ಲ. ಅವಳ ಹೆಸರನ್ನು ವೈದ್ಯರು ಹೊರಗೆ ಹೇಳುವಂತಿಲ್ಲ ಅಂತ 2021ರ ತಿದ್ದುಪಡಿಯಲ್ಲಿ ಸೇರಿದೆ. ಇನ್ನು ಮಗು ಹುಟ್ಟಿ, ಸಾಕಲು ಆಗುವುದೇ ಇಲ್ಲ ಅನ್ನುವವರು ಅದನ್ನು ಎಲ್ಲೋ ಬಿಟ್ಟು ಹೋಗಬೇಕಾಗಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬಹುದು. ಮನಸ್ಸು ಬದಲಾದರೆ ವಾಪಸ್ ಪಡೆಯಲು ಎರಡು ತಿಂಗಳ ಸಮಯ ಇರುತ್ತದೆ.

ನಾನು ಸಿನಿಮಾ ನೋಡಿದ್ದು ಇತ್ತೀಚೆಗೆ. ಯಮುನೆ ಎಷ್ಟು ಒಂಟಿ ಅನ್ನುವುದಕ್ಕಿಂತ, ನಾಣಿ ಅವಳ ಕೈ ಹಿಡಿದುಕೊಂಡೇ ಇರುತ್ತಾನಲ್ಲ, ಅದು ನನಗೆ ಜಾಸ್ತಿ ತಾಗಿತು. ನಮ್ಮ ವಾರ್ಡಿನಲ್ಲೂ ಎಷ್ಟೋ ಸಲ ಹುಡುಗಿಯ ಜೊತೆ ಬರುವುದು ಚಿಕ್ಕ ತಮ್ಮನೋ ತಂಗಿಯೋ ಮಾತ್ರ.

ತುಂಗಾತೀರ

ರಾತ್ರಿ ಪಾಳಿ, ನೀವು ಅಲ್ಲಿ ಇದ್ದೀರಲ್ಲ, ನಮಗದೇ ದೊಡ್ಡ ಧೈರ್ಯ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದ್ದೀರಾ? ಪ್ರೇಮಾ ಕಾರಂತರು ಅದನ್ನೇ 1983ರಲ್ಲಿ ಸಿನಿಮಾ ಮಾಡಿದರು, ಎಲ್.ವಿ. ಶಾರದಾ ನಟಿಸಿದ್ದಾರೆ. ಜೀವನ ಪೂರ್ತಿ ಮಡಿಯಲ್ಲೇ ಕಳೆದ ಬಾಲವಿಧವೆ. ಆದರೆ ದಾಕ್ಷಾಯಿಣಿ ಎಂಬ ಹುಡುಗಿ ವಿಧವೆಯಾಗಿ ‘ತಲೆ ಬೋಳಿಸಿಕೊಳ್ಳುವುದಿಲ್ಲ’ ಅಂದಾಗ, ಫಣಿಯಮ್ಮ ಅವಳ ಪರ ಮಾತಾಡುತ್ತಾಳೆ. ತಾನು ಅನುಭವಿಸಿದ್ದು ಇನ್ನೊಬ್ಬಳಿಗೆ ಬೇಡ ಅಂತ. ನಮ್ಮ ಅಜ್ಜಿ ಅಷ್ಟು ಮಾತಾಡಿದವರಲ್ಲ. ಆದರೆ ನನ್ನ ಅತ್ತಿಗೆಗೆ ಗಂಡ ತೀರಿಕೊಂಡಾಗ, ಅವಳ ಜಡೆಗೆ ಎಣ್ಣೆ ಹಚ್ಚಿ ಬಾಚಿ ಕಟ್ಟಿದವರು ಅವರೇ. ಮನೆಯ ಗಂಡಸರೆಲ್ಲ ನೋಡುತ್ತಿದ್ದರು. ಯಾರಿಗೂ ಬಾಯಿ ತೆರೆಯಲು ಆಗಲಿಲ್ಲ.

ಅಟ್ಲಾಂಟಾ ಅಡಿಕೆ

ಹೊರದೇಶದಲ್ಲಿರುವವರಿಗೆ ಒಂದು ಮಾತು. ಹಳೇ ಮಸುಕು ಪ್ರತಿ ನೋಡಬೇಡಿ, ಸಾಧ್ಯವಾದರೆ ಕಾಯಿರಿ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಫಿಲ್ಮ್ ಫೌಂಡೇಶನ್‌ನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಇದನ್ನು 4ಕೆಯಲ್ಲಿ ಸರಿಪಡಿಸಿವೆ. ಮೂಲ ನೆಗೆಟಿವ್ ಪುಣೆಯ ಆರ್ಕೈವ್‌ನಲ್ಲಿತ್ತು. ಕೆಲಸ ನಡೆದದ್ದು ಇಟಲಿಯ ಬೊಲೋನ್ಯಾದಲ್ಲಿ. 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. ಕಪ್ಪುಬಿಳುಪಿನ ಮಲೆನಾಡನ್ನು ಅಷ್ಟು ಚೊಕ್ಕವಾಗಿ ನೋಡುವ ಭಾಗ್ಯ ಎಲ್ಲ ಕನ್ನಡಿಗರಿಗೂ ಸಿಗಬೇಕು.

ಗಂಗಾವತಿ ಮಾಸ್ತರ್

ಒಂದು ಸಲಹೆ ಬೇಕು. ನಮ್ಮ ಒಂಬತ್ತನೇ ತರಗತಿ ಮಕ್ಕಳಿಗೆ ಇದನ್ನು ತೋರಿಸಬೇಕು ಅಂತ ಮನಸ್ಸಿದೆ. ಪಾಲಕರ ಒಪ್ಪಿಗೆ ಕೇಳುತ್ತೇನೆ. ಪೂರ್ತಿ ತೋರಿಸಲಾ, ಅಥವಾ ಆ ರಾತ್ರಿಯ ದೃಶ್ಯ ಬಿಟ್ಟು ತೋರಿಸಲಾ? ತರಗತಿಯಲ್ಲಿ ತಂದೆಯ ಹೆಸರಿಲ್ಲದ ಮಕ್ಕಳೂ ಇದ್ದಾರೆ. ಅವರ ಕಡೆ ಉಳಿದವರು ತಿರುಗಿ ನೋಡಬಾರದು.

ರಾತ್ರಿ ಪಾಳಿ

ಪೂರ್ತಿ ತೋರಿಸಿ ಮಾಸ್ತರ್. ಆ ದೃಶ್ಯ ಬಿಟ್ಟರೆ ಯಮುನೆಗೆ ಏನಾಯಿತು ಅಂತ ಮಕ್ಕಳು ತಾವೇ ಊಹಿಸುತ್ತಾರೆ, ಆ ಊಹೆ ಇನ್ನೂ ಕೆಟ್ಟದ್ದಿರುತ್ತದೆ. ಮೊದಲೇ ಒಬ್ಬ ಆರೋಗ್ಯ ಕಾರ್ಯಕರ್ತೆಯನ್ನು ಕರೆಸಿ, ಹುಡುಗ ಹುಡುಗಿಯರಿಬ್ಬರ ಜೊತೆಗೂ ಮಾತಾಡಿಸಿ. ಹುಡುಗರನ್ನು ಆಚೆ ಕಳಿಸಬೇಡಿ, ದಯವಿಟ್ಟು.

ವಕೀಲಿ ಧಾರವಾಡ

ನಾನೂ ಅದನ್ನೇ ಹೇಳುತ್ತಿದ್ದೆ. ಮತ್ತೆ, ಚರ್ಚೆ ನಾಣಿಯಿಂದ ಶುರು ಮಾಡಿ. ‘ನೀವು ನಾಣಿ ಆಗಿದ್ದರೆ’ ಅಂತ ಕೇಳಿದರೆ ಯಾವ ಮಗುವಿಗೂ ತನ್ನ ಮನೆಯ ವಿಷಯ ಹೇಳಬೇಕಾಗುವುದಿಲ್ಲ. ನಾನು ಆ ದಿನ ಬರುತ್ತೇನೆ, ಧಾರವಾಡದಿಂದ ಗಂಗಾವತಿಗೆ ಏನು ಮಹಾ ದೂರ. ದಾಖಲಾತಿ ವಿಷಯದಲ್ಲಿ ಮುಖ್ಯೋಪಾಧ್ಯಾಯರ ಜೊತೆಗೂ ಮಾತಾಡಬೇಕಿದೆ. ಆ ತೀರ್ಪಿನ ಪ್ರತಿ ತರುತ್ತೇನೆ.

ನೇರಮಾತು

ಶಾಲೆಯಲ್ಲಿ ಪ್ರೊಜೆಕ್ಟರ್ ಇದೆಯಾ ಮಾಸ್ತರ್? ಇಲ್ಲದಿದ್ದರೆ ನಮ್ಮ ಸಂಘದ್ದು ಕಳಿಸುತ್ತೇನೆ. ಆದರೆ ಮುಗಿದ ಮೇಲೆ ಮಕ್ಕಳನ್ನು ನನ್ನ ಪ್ರಶ್ನೆಯನ್ನೂ ಕೇಳಿ: ಕೇರಿಯವರ ಕಣ್ಣಿಂದ ಈ ಕಥೆ ಹೇಳಿದರೆ ಎಲ್ಲಿಂದ ಶುರು ಮಾಡುತ್ತೀರಿ ಅಂತ.

ಗಂಗಾವತಿ ಮಾಸ್ತರ್

ಖಂಡಿತ ಕೇಳುತ್ತೇನೆ ಸರ್. ಪ್ರೊಜೆಕ್ಟರ್ ಇದೆ, ಸ್ಪೀಕರ್ ಕೆಟ್ಟಿದೆ. ಕಾರಂತರ ವಾದ್ಯ ಮಕ್ಕಳಿಗೆ ಸರಿಯಾಗಿ ಕೇಳಿಸಬೇಕು, ಅದನ್ನೊಂದು ಕಳಿಸಿ.